ಮೆಣಸಿನ ಬಳ್ಳಿ, ಒಂದು ಗ್ಲಾಸ್ ವೈನ್ ಮತ್ತು ಇಂಗ್ಲಿಷ್ ಪದಗಳ ಸದ್ದು

ಗೋಣಿಕೊಪ್ಪದ ಹತ್ತಿರ ನನ್ನ ಅಕ್ಕ, ಭಾವ ಒಂದು ಹೋಂಸ್ಟೇ ನಡೆಸುತ್ತಾರೆ. ನಾಲ್ಕು ರೂಮು, ಸುತ್ತ ರೋಬಸ್ಟಾ ತೋಟ. ಒಮ್ಮೆ ಇಂಗ್ಲೆಂಡಿನಿಂದ ಬಂದಿದ್ದ ವಯಸ್ಸಾದ ಗಂಡ ಹೆಂಡತಿಗೆ ಭಾವ ತೋಟ ತೋರಿಸುತ್ತಿದ್ದರು. ನಾನೂ ಜೊತೆಗಿದ್ದೆ. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ್ದ ಕಾಳುಮೆಣಸಿನ ಬಳ್ಳಿಯ ಮೇಲೆ ಕೈಯಿಟ್ಟು ಭಾವ ಹೇಳಿದರು: 'ದಿಸ್ ಈಸ್ ಅವರ್ ಪೆಪ್ಪರ್ ವೈನ್. ವೆರಿ ಓಲ್ಡ್.' ಆ ಹೆಂಗಸಿನ ಮುಖ ಅರಳಿತು. ರಾತ್ರಿ ಊಟದ ಹೊತ್ತಿಗೆ ಅವರು ಅಕ್ಕನನ್ನು ಮೆಲ್ಲಗೆ ಕೇಳಿದರು, ಆ ಹಳೆಯ ಮೆಣಸಿನ ವೈನ್ ಒಂಚೂರು ರುಚಿ ನೋಡಬಹುದಾ ಅಂತ. ಮಡಿಕೇರಿಯಿಂದ ಬರುವ ದಾರಿಯುದ್ದಕ್ಕೂ ಹೋಂಮೇಡ್ ವೈನ್ ಎಂಬ ಬೋರ್ಡು ನೋಡಿಕೊಂಡು ಬಂದವರು ಅವರು. ಕೇಳಿದ್ದು ಸಹಜವೇ.

ಭಾವನ ಮಾತಿನಲ್ಲಿ ವ್ಯಾಕರಣ ಸರಿಯಿತ್ತು. ಆರಿಸಿಕೊಂಡ ಪದವೂ ಸರಿಯಿತ್ತು. ಬಳ್ಳಿ ಎಂಬುದಕ್ಕೆ ಇಂಗ್ಲಿಷಿನಲ್ಲಿ ಅದೇ ಪದ. ಆದರೆ ಕೆಳತುಟಿ ಇರಬೇಕಾದ ಜಾಗದಲ್ಲಿ ಇರಲಿಲ್ಲ, ಅಷ್ಟೇ.

ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಇಂಗ್ಲಿಷಿನ 'ವಿ' ಅಕ್ಷರದ ಸದ್ದಿಗೆ ಮೇಲಿನ ಹಲ್ಲು ಕೆಳತುಟಿಯನ್ನು ಮುಟ್ಟಬೇಕು. ಮುಟ್ಟಿ, ಗಾಳಿ ಬಿಟ್ಟಾಗ ತುಟಿ ಜುಂ ಎಂದು ಅದುರಬೇಕು. 'ಡಬ್ಲ್ಯು' ಅಕ್ಷರದ ಸದ್ದಿಗೆ ಹಲ್ಲಿನ ಕೆಲಸವೇ ಇಲ್ಲ. 'ಉ' ಅನ್ನುವ ಹಾಗೆ ಎರಡೂ ತುಟಿ ದುಂಡಗೆ ಮಾಡಿ, ತಕ್ಷಣ ಬಿಡಬೇಕು. ನಮ್ಮ 'ವ' ಇವೆರಡರ ನಡುವೆ ಇದೆ. ಹಲ್ಲು ತುಟಿಯ ಹತ್ತಿರ ಹೋಗುತ್ತದೆ, ಒತ್ತುವುದಿಲ್ಲ. ಕನ್ನಡಕ್ಕೆ ಅಷ್ಟು ಸಾಕು, ಯಾಕಂದ್ರೆ ನಮ್ಮಲ್ಲಿ ಈ ಎರಡು ಸದ್ದಿನ ವ್ಯತ್ಯಾಸದಿಂದ ಅರ್ಥ ಬದಲಾಗುವ ಪದಗಳಿಲ್ಲ. ಇಂಗ್ಲಿಷಿನಲ್ಲಿ ಇವೆ. ಬಳ್ಳಿ ಬೇಕಾದರೆ ಹಲ್ಲು ಒತ್ತಿ 'ವೈನ್'. ಕುಡಿಯುವುದಾದರೆ ತುಟಿ ದುಂಡಗೆ ಮಾಡಿ 'ಉಆಯ್ನ್' ಎಂದು ಬೇಗ ಹೇಳಿ. ಭಾವ ಇದನ್ನು ಕನ್ನಡಿ ಮುಂದೆ ನಿಂತು ಎರಡೇ ದಿನದಲ್ಲಿ ಕಲಿತರು.

ನಾನು ಸಂಜೆ ಹೊತ್ತು ಇಂಗ್ಲಿಷ್ ಮಾತಾಡುವುದನ್ನು ಹೇಳಿಕೊಡುತ್ತೇನೆ. ಬರುವವರು ಜೀಪ್ ಓಡಿಸುವ ಹುಡುಗರು, ಹೋಂಸ್ಟೇ ಕೆಲಸದ ಹೆಣ್ಣುಮಕ್ಕಳು, ಪಿಯುಸಿ ಮಕ್ಕಳು. ಎಲ್ಲರ ನೋಟ್‌ಬುಕ್ಕೂ ಒಂದೇ ಥರ: ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡ ಅರ್ಥ. ದಿನಕ್ಕೆ ಹತ್ತು ಪದ. ಆರು ತಿಂಗಳಾದ ಮೇಲೂ ಬಾಯಿ ತೆರೆಯಲು ಹೆದರಿಕೆ. ಅವರ ಶ್ರಮ ನೋಡಿ ನನಗೆ ಸಂಕಟವಾಗುತ್ತಿತ್ತು. ಆ ಪುಟದಲ್ಲಿ ಪದದ ಅರ್ಧ ಭಾಗವೇ ಇರುತ್ತಿತ್ತು. ಅದರ ಸದ್ದು, ಅದರ ಒತ್ತು, ಅದು ಯಾವ ಪದದ ಜೊತೆ ಕೂರುತ್ತದೆ ಎಂಬುದು ಯಾವುದೂ ಇರುತ್ತಿರಲಿಲ್ಲ.

ಬರೆದಂತೆ ಓದಲು ಯಾಕೆ ಆಗುವುದಿಲ್ಲ?

ಕನ್ನಡದಲ್ಲಿ ಅಕ್ಷರ ಕಲಿತರೆ ಓದು ಬಂದ ಹಾಗೆ. ಇಂಗ್ಲಿಷಿನಲ್ಲಿ 26 ಅಕ್ಷರ ಕಲಿತರೂ ಓದು ಬರುವುದಿಲ್ಲ. ಆ 26 ಅಕ್ಷರಗಳು ಸುಮಾರು 44 ಸದ್ದುಗಳ ಕೆಲಸ ಮಾಡಬೇಕು. ಜೊತೆಗೆ ಇತಿಹಾಸದ ಪೆಟ್ಟೂ ಇದೆ. ಲಂಡನ್ನಿನ ಪಕ್ಕದ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ಮುದ್ರಣ ಶುರು ಮಾಡಿದ. ಪುಸ್ತಕಗಳು ಹೆಚ್ಚಿದ ಹಾಗೆ ಪದಗಳ ಅಕ್ಷರಗಳು ಗಟ್ಟಿಯಾಗುತ್ತಾ ಬಂದವು. ಆದರೆ ಅದೇ ಕಾಲದಲ್ಲಿ, ಅಂದರೆ ಸುಮಾರು 1400ರಿಂದ 1700ರ ನಡುವೆ, ಜನರ ಬಾಯಲ್ಲಿ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸುತ್ತಿದ್ದವು. ಮಾತು ಮುಂದೆ ಹೋಯಿತು, ಬರಹ ಹಿಂದೆ ಉಳಿಯಿತು. 'ನೈಫ್', ಮೊಣಕಾಲು ಎಂಬ ಅರ್ಥದ 'ನೀ' ಪದಗಳ ಮೊದಲಿಗೆ ಇರುವ 'ಕೆ' ಅಕ್ಷರ ಆಗ ನಿಜವಾಗಿ ಕೇಳಿಸುತ್ತಿತ್ತು. ಈಗ ಬರಹದಲ್ಲಿ ಮಾತ್ರ ಇದೆ. ಸಾಲ ಎಂಬ ಅರ್ಥದ 'ಡೆಟ್' ಪದದಲ್ಲಿರುವ 'ಬಿ' ಅಕ್ಷರದ ಕತೆ ಬೇರೆ. ಅದು ಇಂಗ್ಲಿಷಿನಲ್ಲಿ ಎಂದೂ ಉಚ್ಚಾರವಾಗಿಲ್ಲ. ಮೂಲ ಲ್ಯಾಟಿನ್ ಪದದಲ್ಲಿ ಇದೆ ಎಂದು ಪಂಡಿತರು ಆಮೇಲೆ ತಂದು ಸೇರಿಸಿದ್ದು.

ಕೊಡಗಿನವರಿಗೆ ಇದನ್ನು ಅರ್ಥ ಮಾಡಿಸಲು ಸೈನ್ಯದ ಪದಗಳಿಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಇಲ್ಲಿ ಸೈನ್ಯದಲ್ಲಿ ಇದ್ದು ಬಂದವರು ಇಲ್ಲದ ಊರಿಲ್ಲ ಅಲ್ವಾ? 'ಕರ್ನಲ್' ಪದವನ್ನೇ ತೆಗೆದುಕೊಳ್ಳಿ. ಬರೆಯುವಾಗ ನಡುವೆ 'ಎಲ್' ಇದೆ, ಓದುವಾಗ 'ರ್' ಕೇಳಿಸುತ್ತದೆ. ಯಾಕೆ? ಇಟಲಿಯ ಮಾತಿನಲ್ಲಿ ಇದು 'ಕೊಲೊನೆಲ್ಲೊ'. ಫ್ರೆಂಚರ ಬಾಯಲ್ಲಿ ಎರಡು 'ಲ' ಕಷ್ಟವಾಗಿ 'ಕೊರೊನೆಲ್' ಆಯಿತು. ಇಂಗ್ಲಿಷಿಗೆ ಮೊದಲು ಬಂದದ್ದು ಆ ಫ್ರೆಂಚ್ ರೂಪ. ಆಮೇಲೆ ಇಟಲಿಯ ರೂಪ ನೋಡಿ ಬರಹ ತಿದ್ದಿಕೊಂಡರು, ಉಚ್ಚಾರ ಮಾತ್ರ ಹಳೆಯದೇ ಉಳಿಯಿತು. ಒಂದೇ ಪದದಲ್ಲಿ ಎರಡು ದೇಶ.

ಇನ್ನೊಂದು ಪದ ಎನ್‌ಸಿಸಿ ಮಕ್ಕಳಿಗೆ ದಿನಾ ಬೇಕು. ಆ ಹೆಸರಿನ ಕೊನೆಯ ಪದ ಬರಹದಲ್ಲಿ 'ಪಿ', 'ಎಸ್' ಎಂದು ಮುಗಿಯುತ್ತದೆ. ಆದರೆ ಓದಬೇಕಾದದ್ದು ಸುಮ್ನೆ 'ಕೋರ್' ಎಂದು: 'ನ್ಯಾಷನಲ್ ಕೆಡೆಟ್ ಕೋರ್'. ಕೊನೆಯ ಎರಡು ಅಕ್ಷರವನ್ನು ಉಚ್ಚರಿಸಿ 'ಕಾರ್ಪ್ಸ್' ಅಂದರೆ ಅದು ಹೆಣ! ಎರಡಕ್ಕೂ ಮೂಲ ಒಂದೇ, ದೇಹ ಎಂಬ ಅರ್ಥದ ಲ್ಯಾಟಿನ್ ಪದ. ಹಾಗೆಯೇ 'ಕೆಡೆಟ್' ಪದದಲ್ಲಿ ಒತ್ತು ಎರಡನೆಯ ಭಾಗದ ಮೇಲೆ: ಕ-ಡೆಟ್. ವಾಕ್ಯ ಹೀಗೆ: 'ಮೈ ಸಿಸ್ಟರ್ ಈಸ್ ಅ ಕಡೆಟ್.' ನನ್ನ ತಂಗಿ ಕೆಡೆಟ್.

'ಫೀಲ್ಡ್ ಮಾರ್ಷಲ್' ಎಂದರೆ ನಮಗೆ ಕಾರ್ಯಪ್ಪನವರೇ. 1949ರ ಜನವರಿ 15ರಂದು ಅವರು ಭಾರತದ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದರು, ಅದೇ ದಿನ ಇವತ್ತಿಗೂ ಸೇನಾ ದಿನ. 'ಮಾರ್ಷಲ್' ಪದಕ್ಕೆ ಹಳೆಯ ಜರ್ಮನಿಕ್ ಮೂಲದಲ್ಲಿ ಇದ್ದ ಅರ್ಥ ಕುದುರೆ ನೋಡಿಕೊಳ್ಳುವ ಆಳು. ಲಾಯದಿಂದ ಸೈನ್ಯದ ಅತಿ ದೊಡ್ಡ ಪದವಿಗೆ ಬಂದ ಪದ ಅದು. ಯುದ್ಧಕ್ಕೆ ಸಂಬಂಧಿಸಿದ್ದು ಎಂಬ ಅರ್ಥದ 'ಮಾರ್ಷಲ್' ಬೇರೆ ಪದ, ಬರಹವೂ ಬೇರೆ, ಆದರೆ ಸದ್ದು ಅದೇ. 'ಮಾರ್ಷಲ್ ಆರ್ಟ್ಸ್' ಅನ್ನುವಾಗ ಇರುವುದು ಆ ಎರಡನೆಯದು.

ಮಡಿಕೇರಿಯ 'ಸನ್ನಿ ಸೈಡ್' ಮನೆ, ಅಂದರೆ ಜನರಲ್ ತಿಮ್ಮಯ್ಯನವರ ಮನೆ, ಈಗ ಮ್ಯೂಸಿಯಂ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದರೆ ಈ ಪದಗಳನ್ನೆಲ್ಲ ಗೋಡೆಯ ಮೇಲೇ ಓದಿಸಬಹುದು. 'ಮ್ಯೂ-ಜೀ-ಅಂ', ಒತ್ತು ನಡುವಿನ 'ಜೀ' ಮೇಲೆ.

ಒತ್ತು ಎಲ್ಲಿ ಬೀಳುತ್ತದೆ

ಇಷ್ಟು ಹೊತ್ತು 'ಒತ್ತು, ಒತ್ತು' ಎನ್ನುತ್ತಿದ್ದೇನೆ. ನನ್ನ ಮಟ್ಟಿಗೆ ಇಂಗ್ಲಿಷ್ ಉಚ್ಚಾರದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರ ಪಾಲು ಸಿಗುತ್ತದೆ. 'ಕಾವೇರಿ' ಅಂದರೆ ಕಾ, ವೇ, ರಿ ಮೂರೂ ಸ್ಪಷ್ಟ. ಇಂಗ್ಲಿಷಿನಲ್ಲಿ ಹಾಗಿಲ್ಲ. ಪದದ ಒಂದು ಭಾಗಕ್ಕೆ ಜೋರು ಪೆಟ್ಟು, ಉಳಿದವು ಸಣ್ಣಗಾಗಿ, ಕೆಲವೊಮ್ಮೆ ಕೇಳಿಸದಷ್ಟು ಮೆತ್ತಗಾಗಿ ಹೋಗುತ್ತವೆ. ಪೆಟ್ಟು ತಪ್ಪಿದ ಜಾಗದಲ್ಲಿ ಬಿದ್ದರೆ ಕೇಳುವವರಿಗೆ ಪದವೇ ಗುರುತು ಸಿಗುವುದಿಲ್ಲ.

ನಾನು ಮೇಜಿನ ಮೇಲೆ ಬೆರಳು ಬಡಿದು ತೋರಿಸುತ್ತೇನೆ. ತೋಟಕ್ಕೆ ಬಂದವರೆಲ್ಲ ಫೋಟೊ ತೆಗೆಯುತ್ತಾರಲ್ಲ, ಆ ಪದವನ್ನೇ ನೋಡಿ. 'ಫೋ-ಟ-ಗ್ರಾಫ್': ಪೆಟ್ಟು 'ಫೋ' ಮೇಲೆ. ಆ ಕಲೆಯ ಹೆಸರು 'ಫ-ಟಾ-ಗ್ರ-ಫಿ': ಪೆಟ್ಟು 'ಟಾ' ಮೇಲೆ ಸರಿಯಿತು, ಮೊದಲಿದ್ದ 'ಫೋ' ಬರೀ 'ಫ' ಆಯಿತು. 'ಫೋ-ಟ-ಗ್ರ್ಯಾ-ಫಿಕ್' ಅಂದಾಗ ಪೆಟ್ಟು 'ಗ್ರ್ಯಾ' ಮೇಲೆ. ಬರಹದಲ್ಲಿ ಶುರುವಿನ ಅಕ್ಷರಗಳೆಲ್ಲ ಒಂದೇ, ಬಾಯಲ್ಲಿ ಮೂರು ಬೇರೆ ಪದ.

ಎಕ್ಸ್‌ಪೋರ್ಟ್ ಪದವೂ ಹಾಗೆಯೇ. ದೇಶದಲ್ಲೇ ಅತಿ ಹೆಚ್ಚು ಕಾಫಿ ಬೆಳೆಯುವ ಜಿಲ್ಲೆ ನಮ್ಮದು, ಈ ಪದ ಬೇಕೇ ಬೇಕು. ರಫ್ತು ಎಂಬ ಹೆಸರುಪದವಾದರೆ ಪೆಟ್ಟು ಮೊದಲಿಗೆ: 'ಕಾಫಿ ಈಸ್ ಆನ್ ಎಕ್ಸ್‌ಪೋರ್ಟ್.' ರಫ್ತು ಮಾಡು ಎಂಬ ಕ್ರಿಯಾಪದವಾದರೆ ಪೆಟ್ಟು ಕೊನೆಗೆ, ಮೊದಲ ಭಾಗ ಮೆತ್ತಗೆ: 'ದೇ ಇಕ್ಸ್‌ಪೋರ್ಟ್ ಕಾಫಿ.' ಮರ ಸಾಗಿಸಲು ಬೇಕಾದ ಪರವಾನಗಿ 'ಪರ್-ಮಿಟ್', ಪೆಟ್ಟು ಮುಂದೆ. ಅನುಮತಿ ಕೊಡು ಎಂದಾಗ 'ಪ-ಮಿಟ್', ಪೆಟ್ಟು ಹಿಂದೆ. ರೆಕಾರ್ಡ್, ಪ್ರೆಸೆಂಟ್ ಮುಂತಾದವೂ ಇದೇ ದಾರಿ ಹಿಡಿಯುತ್ತವೆ. ಆದರೆ ಎಲ್ಲ ಪದಕ್ಕೂ ಇದನ್ನು ಹಚ್ಚಬೇಡಿ. 'ರಿಪೋರ್ಟ್', 'ರಿಪೇರ್' ಎರಡೂ ಅರ್ಥದಲ್ಲಿ ಒಂದೇ ಥರ.

ಪೆಟ್ಟು ಬೀಳದ ಜಾಗದಲ್ಲಿ ಬರುವ ಆ ಮೆತ್ತಗಿನ ಸ್ವರಕ್ಕೆ ಒಂದು ಹೆಸರಿದೆ, 'ಶ್ವಾ'. ಹೀಬ್ರೂ ವ್ಯಾಕರಣದಿಂದ ಬಂದ ಹೆಸರು. ನಿಘಂಟಿನಲ್ಲಿ ತಲೆಕೆಳಗಾದ 'ಇ' ಅಕ್ಷರದ ಹಾಗೆ ಅಚ್ಚಾಗಿರುತ್ತದೆ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬರುವ ಸ್ವರ ಇದೇ. ಬಾಯಿ ಪೂರ್ತಿ ತೆರೆಯದೆ, ನಾಲಗೆ ಎಲ್ಲೂ ಎತ್ತದೆ, ಅರೆ 'ಅ' ಅಂದ ಹಾಗೆ. 'ಅರೇಬಿಕಾ' ಎನ್ನುತ್ತೇವಲ್ಲ, ಅದು ಇಂಗ್ಲಿಷಿನಲ್ಲಿ 'ಅ-ರ್ಯಾ-ಬಿ-ಕ'. 'ರ್ಯಾ' ಮೇಲೆ ಪೆಟ್ಟು, ಮೊದಲ 'ಅ' ಮತ್ತು ಕೊನೆಯ ಸ್ವರ ಎರಡೂ ಶ್ವಾ. 'ರೋಬಸ್ಟಾ' ಪದದಲ್ಲಿ ಪೆಟ್ಟು 'ಬಸ್' ಮೇಲೆ, ಕೊನೆಗೆ ಶ್ವಾ.

ಇಲ್ಲಿ ಕೊಡವ ತಕ್ಕ್ ಮಾತಾಡುವವರಿಗೆ ಒಂದು ಅನುಕೂಲ ಇದೆ, ಅದನ್ನು ನಾನು ಕ್ಲಾಸಿನಲ್ಲಿ ಖುಷಿಯಿಂದ ಹೇಳುತ್ತೇನೆ. ಕನ್ನಡದಲ್ಲಿ ಇಲ್ಲದ, ನಾಲಗೆ ಬಾಯಿಯ ನಡುವೆಯೇ ನಿಂತು ಹುಟ್ಟುವ ಸ್ವರಗಳು ಆ ಭಾಷೆಯಲ್ಲಿವೆ. ಕನ್ನಡ ಲಿಪಿಯಲ್ಲಿ ಅವಕ್ಕೆ ನೇರ ಅಕ್ಷರ ಇಲ್ಲ. 'ತಕ್ಕ್' ಎಂದು ಹೇಳಿ ನಿಲ್ಲಿಸುವಾಗ ಕೊನೆಗೆ ಒಂದು ಚಿಕ್ಕ ಸದ್ದು ಉಳಿಯುತ್ತದೆ. ಅದು 'ಉ' ಅಲ್ಲ, 'ಇ' ಕೂಡ ಅಲ್ಲ. ಶ್ವಾ ಅದೇ ಸದ್ದು ಅಂತ ನಾನು ಹೇಳುತ್ತಿಲ್ಲ, ಆದರೆ ಅದರ ನೆರೆಮನೆಯದು. ಮನೆಯಲ್ಲಿ ತಕ್ಕ್ ಆಡುವ ಮಕ್ಕಳಿಗೆ ಆ ಸದ್ದು ತೋರಿಸಿಕೊಟ್ಟರೆ ಬೇಗ ಹಿಡಿಯುತ್ತಾರೆ. ಬರೀ ಕನ್ನಡ ಆಡುವವರು ಶ್ವಾ ಜಾಗದಲ್ಲಿ ಪೂರ್ತಿ 'ಅ', 'ಆ', 'ಎ' ಇಡುತ್ತೇವೆ.

ಲಗೇಜ್, ವಿಲೇಜ್, ಕಾಟೇಜ್ ಎನ್ನುವುದೂ ಇದೇ ಕಾರಣಕ್ಕೆ. ಬರಹ ನೋಡಿ 'ಏಜ್' ಎಂದು ಎಳೆಯುತ್ತೇವೆ. ಪೆಟ್ಟು ಮೊದಲ ಭಾಗಕ್ಕೆ ಬಿದ್ದಿರುವುದರಿಂದ ಕೊನೆ ಚಿಕ್ಕದಾಗಿ 'ಇಜ್' ಆಗುತ್ತದೆ: ಲಗಿಜ್, ವಿಲಿಜ್, ಕಾಟಿಜ್, ಡ್ಯಾಮಿಜ್. ರೆಸಾರ್ಟ್ ಕೆಲಸದವರು ಒಂದು ಜೋಡಿಯನ್ನು ಮಾತ್ರ ಎಚ್ಚರದಿಂದ ಕಲಿಯಬೇಕು. ಸಂದೇಶ 'ಮೆಸಿಜ್'. ಮೈ ನೀವುವುದು 'ಮ್ಯಾಸಾಜ್', ಅಲ್ಲಿ ಕೊನೆಯ ಭಾಗ ಉದ್ದ. 'ಐ ಹ್ಯಾವ್ ಅ ಮೆಸಿಜ್ ಫಾರ್ ಯೂ' ಎಂದು ಅತಿಥಿಗೆ ಹೇಳುವಾಗ ಆ ಕೊನೆ ಉದ್ದವಾದರೆ ಇಬ್ಬರಿಗೂ ಮುಜುಗರ.

ಸದ್ದಿನ ಬಗ್ಗೆ ಇನ್ನೆರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ನಮ್ಮಲ್ಲಿ 'ಎ', 'ಈ' ಎಂದು ಶುರುವಾಗುವ ಪದಕ್ಕೆ ಬಾಯಿ ತಾನಾಗಿ 'ಯ' ಸೇರಿಸುತ್ತದೆ, 'ಒ'ಗೆ 'ವ' ಸೇರಿಸುತ್ತದೆ. ಯೆಸ್ಟೇಟ್, ವೋಲ್ಡ್. ಕಿವಿ ಎಂಬ 'ಇಯರ್', ವರ್ಷ ಎಂಬ 'ಯಿಯರ್' ಎರಡೂ ಒಂದೇ ಆಗಿಬಿಡುತ್ತವೆ. ಇನ್ನೊಂದು ಮಾತು ಒತ್ತಕ್ಷರದ್ದು. ಇಂಗ್ಲಿಷಿನಲ್ಲಿ ಒಂದು ಅಕ್ಷರ ಎರಡು ಸಲ ಬರೆದಿದ್ದರೂ ಸಾಮಾನ್ಯವಾಗಿ ಒಂದೇ ಸಲ ಹೇಳುತ್ತಾರೆ. ಪೆಪ್ಪರ್ ಅವರಿಗೆ 'ಪೆಪರ್', ಚೆರ್ರಿ ಅವರಿಗೆ 'ಚೆರಿ'. ಅದರ ಬದಲು ಮೊದಲ 'ಪ' ಮೇಲೆ ಉಸಿರು ಜಾಸ್ತಿ. ಬಾಯಿಯ ಮುಂದೆ ತೆಳು ಕಾಗದ ಹಿಡಿದು 'ಪೆಪರ್' ಅನ್ನಿ, ಕಾಗದ ಅಲ್ಲಾಡಬೇಕು. 'ಸ್ಪೈಸ್' ಅನ್ನಿ, ಅಲ್ಲಾಡಬಾರದು.

ಊರು ಬದಲಾದರೆ ಅರ್ಥವೂ ಬದಲು

ತೋಟದ ಲೆಕ್ಕ ಬರೆಯುವವರು, ಆಳುಗಳ ಹಾಜರಿ ನೋಡುವವರು ನಮಗೆ 'ರೈಟರ್'. ಕೊಡಗಿನಾಚೆ ಯಾರಿಗಾದರೂ 'ಮೈ ಫಾದರ್ ಈಸ್ ಅ ರೈಟರ್' ಅಂದರೆ ಯಾವ ಪುಸ್ತಕ ಬರೆದಿದ್ದಾರೆ ಎಂದು ಕೇಳುತ್ತಾರೆ. ಅಲ್ಲಿ 'ಎಸ್ಟೇಟ್ ಕ್ಲರ್ಕ್' ಅಥವಾ 'ಸೂಪರ್‌ವೈಸರ್' ಅನ್ನುವುದು ಒಳ್ಳೆಯದು. 'ಲೈನ್' ಅಂದರೆ ನಮಗೆ ಕೆಲಸದವರ ಸಾಲುಮನೆ. ಹೊರಗಿನವರಿಗೆ ಬರೀ ಗೆರೆ, ಇಲ್ಲವೆ ಕ್ಯೂ. ಇವು ತಪ್ಪು ಇಂಗ್ಲಿಷ್ ಅಂತ ನಾನು ಯಾರಿಗೂ ಹೇಳುವುದಿಲ್ಲ. ತೋಟದೊಳಗೆ ಅವೇ ಸರಿ. ಕೇಳುವವರು ಯಾರು ಎಂಬುದು ಗೊತ್ತಿರಬೇಕು.

ಕಾಫಿ ದರದ ಪಟ್ಟಿಯಲ್ಲಿ 50 ಕೆ.ಜಿ. ಚೀಲಕ್ಕೆ ಇಷ್ಟು ಎಂದು ಬರೆದಿರುತ್ತದಲ್ಲ, ಅಲ್ಲಿನ ಎರಡು ಪದ ನೋಡಿ. ಹಣ್ಣನ್ನು ಸಿಪ್ಪೆ ಸಮೇತ ಕಣದಲ್ಲಿ ಒಣಗಿಸಿದರೆ ನಮ್ಮ ವ್ಯಾಪಾರದಲ್ಲಿ ಅದು 'ಚೆರ್ರಿ'. ಬೇರೆ ದೇಶದ ಕಾಫಿಯವರಿಗೆ 'ಚೆರಿ' ಅಂದರೆ ಗಿಡದ ಮೇಲಿನ ಹಸಿ ಕೆಂಪು ಹಣ್ಣು. ಅತಿಥಿಗೆ ವಿವರಿಸುವಾಗ 'ಡ್ರೈ ಚೆರಿ' ಅಂದರೆ ಗೊಂದಲ ಇಲ್ಲ. ಪಲ್ಪರಿಗೆ ಹಾಕಿ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ್ದು 'ಪಾರ್ಚ್‌ಮೆಂಟ್'. ಬೀಜದ ಸುತ್ತ ಇರುವ ತೆಳು ಹಳದಿ ಪೊರೆಯಿಂದ ಆ ಹೆಸರು. ಮೊದಲು ಪಾರ್ಚ್‌ಮೆಂಟ್ ಅಂದರೆ ಬರೆಯಲು ಹದ ಮಾಡಿದ ಪ್ರಾಣಿಯ ಚರ್ಮ. ಈಗಿನ ಟರ್ಕಿಯಲ್ಲಿದ್ದ ಪೆರ್ಗಮಮ್ ಎಂಬ ಹಳೆಯ ಊರಿನ ಹೆಸರಿನಿಂದ ಹುಟ್ಟಿದ ಪದ. ಒಂದು ಬೀಜ ಕೈಯಲ್ಲಿ ಹಿಡಿದು ಆ ಪೊರೆಯನ್ನು ಉಗುರಿನಿಂದ ಬಿಡಿಸಿ ನೋಡಿ. ಗರಿಗರಿಯಾಗಿ, ಹಳೆಯ ಕಾಗದದ ಹಾಗೇ ಇರುತ್ತದೆ.

'ಮಂಜು' ಪದ ನಮ್ಮನ್ನು ಇನ್ನೊಂದು ರೀತಿ ಕಾಡುತ್ತದೆ. ರಾಜಾಸೀಟಿನಲ್ಲಿ ಬೆಳಗ್ಗೆ ಕಣಿವೆ ತುಂಬುವುದೂ ಮಂಜು, ಹಿಮಾಲಯದಲ್ಲಿ ಬೀಳುವುದೂ ಮಂಜು. ಇಂಗ್ಲಿಷಿನಲ್ಲಿ ಹಾಗಲ್ಲ. ಹಿಮಾಲಯದ್ದು 'ಸ್ನೋ'. ನಮ್ಮದು 'ಮಿಸ್ಟ್' ಅಥವಾ 'ಫಾಗ್'. ಹವಾಮಾನದವರ ಲೆಕ್ಕದಲ್ಲಿ 1 ಕಿ.ಮೀ.ಗಿಂತ ದೂರದ್ದು ಕಾಣದಷ್ಟು ದಟ್ಟವಾಗಿದ್ದರೆ ಫಾಗ್, ಅದಕ್ಕಿಂತ ತೆಳುವಾಗಿದ್ದರೆ ಮಿಸ್ಟ್. ಹುಲ್ಲಿನ ಮೇಲಿನ ಇಬ್ಬನಿ 'ಡ್ಯೂ'. 'ದ ವ್ಯಾಲಿ ಈಸ್ ಫುಲ್ ಆಫ್ ಮಿಸ್ಟ್' ಎಂದು ಹೇಳಿ ನೋಡಿ, ಎಷ್ಟು ಚಂದ. 'ವ್ಯಾಲಿ'ಗೆ ಹಲ್ಲು ಒತ್ತುವುದು ಮರೆಯಬೇಡಿ.

ಜೊತೆಗಾರ ಪದಗಳು

ಜೋರು ಮಳೆ, ಜೋರು ಗಾಳಿ ಎರಡಕ್ಕೂ ನಮಗೆ 'ಜೋರು' ಸಾಕು. ಇಂಗ್ಲಿಷಿನಲ್ಲಿ ಮಳೆ 'ಹೆವಿ', ಗಾಳಿ 'ಸ್ಟ್ರಾಂಗ್'. 'ಸ್ಟ್ರಾಂಗ್ ರೇನ್', 'ಬಿಗ್ ರೇನ್' ಅಂದರೆ ಅರ್ಥವಾಗುತ್ತದೆ, ಆದರೆ ಕಿವಿಗೆ ಒಗ್ಗುವುದಿಲ್ಲ. ಕಾಫಿಯೂ 'ಸ್ಟ್ರಾಂಗ್', ಊಟ ಹೊಟ್ಟೆ ತುಂಬಿ ಭಾರವಾದರೆ 'ಹೆವಿ'. ಇದಕ್ಕೆ ನಿಯಮ ಹುಡುಕಿ ಪ್ರಯೋಜನವಿಲ್ಲ. ಜೋಡಿಯಾಗಿಯೇ ಬರೆದುಕೊಳ್ಳಬೇಕು. ಆನೆಗಳ ಹಿಂಡು 'ಹರ್ಡ್', ಜೇನುನೊಣಗಳ ಹಿಂಡು 'ಸ್ವಾರ್ಮ್'. ಕೇಳಿದೆವು ಎಂಬುದೂ 'ಹರ್ಡ್', ಬರಹ ಮಾತ್ರ ಬೇರೆ. ಹಾಗಾಗಿ 'ವಿ ಹರ್ಡ್ ಅ ಹರ್ಡ್ ಆಫ್ ಎಲಿಫಂಟ್ಸ್ ಲಾಸ್ಟ್ ನೈಟ್', ನಿನ್ನೆ ರಾತ್ರಿ ಆನೆ ಹಿಂಡಿನ ಸದ್ದು ಕೇಳಿದೆವು. ಈ ವಾಕ್ಯ ನಮ್ಮ ಕಡೆ ಅಭ್ಯಾಸಕ್ಕೆ ಮಾತ್ರ ಬರುವುದಲ್ಲ, ನಿಜವಾಗಿ ಬೇಕಾಗುತ್ತದೆ.

ಮಳೆಯ ವಿಷಯದಲ್ಲಿ 'ಹೆವಿ' ಬರೀ ವರ್ಣನೆಯೂ ಅಲ್ಲ. ಹವಾಮಾನ ಇಲಾಖೆಗೆ ಅದು ಅಳತೆ. 24 ಗಂಟೆಯಲ್ಲಿ 64.5 ಮಿ.ಮೀ.ನಿಂದ 115.5 ಮಿ.ಮೀ. ಬಿದ್ದರೆ 'ಹೆವಿ', 204.4ರವರೆಗೆ 'ವೆರಿ ಹೆವಿ', ಅದನ್ನು ಮೀರಿದರೆ 'ಎಕ್ಸ್‌ಟ್ರೀಮ್ಲಿ ಹೆವಿ'. ಎಲ್ಲೊ ಅಲರ್ಟ್ ಅಂದರೆ ಗಮನಿಸುತ್ತಿರಿ, ಆರೆಂಜ್ ಅಂದರೆ ತಯಾರಾಗಿರಿ, ರೆಡ್ ಅಂದರೆ ಕೂಡಲೇ ಕ್ರಮ ಕೈಗೊಳ್ಳಿ. 2018ರ ಆಗಸ್ಟ್‌ನ ಪ್ರವಾಹ, ಭೂಕುಸಿತ ಕಂಡ ನಮಗೆ ಈ ಪದಗಳ ತೂಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಅತಿಥಿಗೆ ಇದನ್ನು ಸರಿಯಾಗಿ ತಿಳಿಸುವುದು ಅವರ ಜೀವಕ್ಕೆ ಸಂಬಂಧಿಸಿದ ಮಾತು. 'ದೇರ್ ಈಸ್ ಅ ರೆಡ್ ಅಲರ್ಟ್ ಟುಡೇ. ಪ್ಲೀಸ್ ಡೋಂಟ್ ಗೋ ಔಟ್.' ಪೆಟ್ಟು 'ಅ-ಲರ್ಟ್' ಪದದ ಎರಡನೆಯ ಭಾಗಕ್ಕೆ. ನನ್ನ ಕ್ಲಾಸಿನ ಜೀಪ್ ಹುಡುಗರಿಗೆ ಮೊದಲು ಕಲಿಸುವ ವಾಕ್ಯ ಇದು.

ಇಷ್ಟೆಲ್ಲ ಕೇಳಿ ಇಂಗ್ಲಿಷ್ ಪೂರ್ತಿ ಪರದೇಶದ್ದು ಅನ್ನಿಸಿದರೆ, ತೋಟಕ್ಕೇ ವಾಪಸ್ ಬನ್ನಿ. 'ಪೆಪರ್' ಪದದ ಬೇರು ಸಂಸ್ಕೃತದ ಪಿಪ್ಪಲಿ. ಗ್ರೀಕರ ಕೈಗೆ ಹೋಗಿ 'ಪೆಪೆರಿ', ರೋಮನರಲ್ಲಿ 'ಪಿಪೆರ್', ಅಲ್ಲಿಂದ ಇಂಗ್ಲಿಷಿಗೆ. 'ಟೀಕ್' ನಮ್ಮ ತೇಗದ ಬಳಗದ್ದು, ಮಲಯಾಳದ ತೇಕ್ಕು ಪೋರ್ಚುಗೀಸರ ಹಡಗು ಹತ್ತಿ ಹೋದದ್ದು. ಹಲಸಿಗೆ 'ಜ್ಯಾಕ್‌ಫ್ರೂಟ್' ಅನ್ನುತ್ತಾರಲ್ಲ, ಅದರ 'ಜ್ಯಾಕ್' ಮಲಯಾಳದ ಚಕ್ಕ. 'ಜಿಂಜರ್' ಪದದೊಳಗೆ ಶುಂಠಿಯ ದ್ರಾವಿಡ ಹೆಸರಾದ 'ಇಂಜಿ' ಅಡಗಿದೆ. ಕಿತ್ತಳೆಯ 'ಆರಿಂಜ್' ಕೂಡ ಸಂಸ್ಕೃತದ ನಾರಂಗ, ಪರ್ಷಿಯದ ನಾರಂಗ್, ಅರಬ್ಬರ ನಾರಂಜ್ ಆಗಿ, ಯುರೋಪಿನ ದಾರಿಯಲ್ಲಿ ಮೊದಲಿನ 'ನ' ಕಳೆದುಕೊಂಡು ಬಂದದ್ದು. ಆ ಸಂಸ್ಕೃತ ಪದದ ಹಿಂದೆಯೂ ದ್ರಾವಿಡ ಬೇರು ಇದೆ ಎಂದು ಭಾಷಾ ಪಂಡಿತರು ಹೇಳುತ್ತಾರೆ. ಈ ಪದಗಳನ್ನು ಕಲಿಯುವಾಗ ನಮ್ಮ ಮಕ್ಕಳು ತಲೆ ತಗ್ಗಿಸಬೇಕಾಗಿಲ್ಲ.

ಈಗ ನೋಟ್‌ಬುಕ್ಕಿನ ಪುಟಕ್ಕೆ ಬರುತ್ತೇನೆ. ಹೋಂಸ್ಟೇಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗಿ ಈಗ ದಿನಕ್ಕೆ ಹತ್ತರ ಬದಲು ಎರಡೇ ಪದ ಬರೆಯುತ್ತಾಳೆ. ಕಳೆದ ವಾರದ ಅವಳ ಒಂದು ಪುಟ ಹೀಗಿತ್ತು. ಮೇಲೆ ದೊಡ್ಡದಾಗಿ 'ಯೀಲ್ಡ್'. ಪಕ್ಕದಲ್ಲಿ: ಇಲ್ಲಿ 'ಯ' ನಿಜವಾಗಿ ಇದೆ, ಬಿಡಬಾರದು, ಕೊನೆಯ 'ಡ್' ಆದ ಮೇಲೆ 'ಉ' ಸೇರಿಸಬಾರದು. ಕೆಳಗೆ ಅರ್ಥ: ಇಳುವರಿ. ಜೊತೆಗಾರರು: 'ಗುಡ್ ಯೀಲ್ಡ್', 'ಪೂರ್ ಯೀಲ್ಡ್', 'ಯೀಲ್ಡ್ ಪರ್ ಏಕರ್'. ಅದರ ಕೆಳಗೆ ಇನ್ನೊಂದು ಅರ್ಥ: ಬಿಟ್ಟುಕೊಡು, ಮಣಿ. ಆಮೇಲೆ ಅವಳೇ ಕಟ್ಟಿದ ವಾಕ್ಯ, ಪೆನ್ಸಿಲಿನಲ್ಲಿ: 'ದ ಬ್ಲಾಸಮ್ ಶವರ್ಸ್ ಕೇಮ್ ಆನ್ ಟೈಮ್, ಸೋ ದ ಯೀಲ್ಡ್ ವಾಸ್ ಗುಡ್.' ಹೂಮಳೆ ಹೊತ್ತಿಗೆ ಸರಿಯಾಗಿ ಬಂತು, ಇಳುವರಿ ಚೆನ್ನಾಗಿತ್ತು. 'ಬ್ಲಾ' ಮೇಲೆ, 'ಶ' ಮೇಲೆ, 'ಯೀ' ಮೇಲೆ ಒಂದೊಂದು ಚಿಕ್ಕ ಚುಕ್ಕೆ ಇಟ್ಟಿದ್ದಳು. ಪೆಟ್ಟು ಬೀಳುವ ಜಾಗಗಳು ಅವು.